ಜೇಬಿನ ಮೂರು ದಿನ

ಚಾಕು ಕೊಳ್ಳುವವರು ಅಂಗಡಿಯ ಗಾಜಿನ ಪೆಟ್ಟಿಗೆ ನೋಡಿ ಕೊಳ್ಳುತ್ತಾರೆ, ತಮ್ಮ ಜೇಬು ನೋಡಿಕೊಂಡು ಕೊಳ್ಳುವುದಿಲ್ಲ. ಮನೆಗೆ ಹೋಗಿ ಜೇಬಿಗಿಳಿಸಿದ ಮೇಲೆ ಅಂಚಿಗೆ ಸಿಕ್ಕಿಸುವ ಕ್ಲಿಪ್ಪು ಬಟ್ಟೆ ಹರಿಯುತ್ತದೆ, ಹಿಡಿಯ ಮೂಲೆ ತೊಡೆಗೆ ಚುಚ್ಚುತ್ತದೆ, ಬಗ್ಗಿದರೆ ಅಲಗು ತಾನಾಗಿ ಅರ್ಧ ಇಂಚು ಬಾಯಿ ಬಿಡುತ್ತದೆ. ಆಗ ನನ್ನ ಹತ್ತಿರ ಓಡಿ ಬರುತ್ತಾರೆ. ಮಡಚುವ ಚಾಕುವನ್ನು ದಿನವೂ ಜೇಬಿನಲ್ಲಿಟ್ಟುಕೊಳ್ಳುವ ಹಾಗೆ ತಿದ್ದಿಕೊಡುವುದು ನನ್ನ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದೆ. ಬಂದವರಲ್ಲಿ ಅರ್ಧ ಜನಕ್ಕೆ ಚಾಕುವೇ ಬೇಕಿರಲಿಲ್ಲ. ಒಬ್ಬ ಮಹಾನುಭಾವ ಎರಡು ವರ್ಷದಲ್ಲಿ ತನ್ನ ಚಾಕುವಿನಿಂದ ಮಾಡಿದ ಒಂದೇ ಘನಕಾರ್ಯ ಹಲ್ಲಿನ ಸಂದಿ ಕೆರೆದದ್ದು. ಅದಕ್ಕೆ ಒಂದು ಕಡ್ಡಿ ಸಾಕಿತ್ತು ಎಂದು ಅವನ ಮುಖಕ್ಕೇ ಹೇಳಿದ್ದೆ. ನನ್ನ ಬಾಯಿ ಹಾಗೇ, ಸಾಣೆ ಹಿಡಿಯದೆಯೇ ಹರಿತ.

ನಮ್ಮಪ್ಪ ಎರಡು ಕಟ್ಟಳೆ ಹಾಕಿಟ್ಟು ಹೋಗಿದ್ದ. ಒಂದು, ಬಿಚ್ಚಿದ ಪ್ರತಿ ಚಾಕುವಿನ ಹಿಡಿಯ ಒಳಮೈಯಲ್ಲಿ, ಹೊರಗೆ ಕಾಣದ ಕಡೆ, ಸೂಜಿಯಿಂದ ನಮ್ಮ ಗುರುತು ಗೀರಬೇಕು. ಒಂದು ಅರ್ಧಚಂದ್ರ, ಅದರ ಕೆಳಗೊಂದು ಚುಕ್ಕೆ. ಎರಡನೆಯದು, ತಿದ್ದಿದ ಚಾಕುವನ್ನು ಮೂರು ದಿನ ನಮ್ಮದೇ ಜೇಬಿನಲ್ಲಿಟ್ಟುಕೊಂಡು ಓಡಾಡಿ ಆಮೇಲೆ ಕೊಡಬೇಕು. ಎಲ್ಲಿ ಚುಚ್ಚುತ್ತದೆ, ಎಲ್ಲಿ ಸಡಿಲ ಎನ್ನುವುದು ಮೇಜಿನ ಮೇಲೆ ತಿಳಿಯುವುದಿಲ್ಲ, ಮೆಟ್ಟಿಲು ಹತ್ತಿಳಿದಾಗ ತಿಳಿಯುತ್ತದೆ. ಅಪ್ಪ ಇನ್ನೊಂದು ಮಾತನ್ನೂ ಸೇರಿಸುತ್ತಿದ್ದ. "ಚಾಕು ಮೊದಲು ಕತ್ತರಿಸೋದು ಹೊತ್ತವನನ್ನೇ. ಆ ಕೊಬ್ಬು ನಮ್ಮ ಜೇಬಲ್ಲೇ ಇಳೀಲಿ." ತೊಡೆ ಗೀರುವುದರ ವಿಷಯ ಹೇಳುತ್ತಾನೆ ಎಂದುಕೊಂಡಿದ್ದೆ.

ಕೆಳಗೆ ಅಂಗಡಿ, ಮೇಲೆ ಮನೆ. ಮನೆಯಲ್ಲಿ ನಾನು ಮತ್ತು ನನ್ನವಳು. ಆಗ ಯಾರಾದರೂ ಕೇಳಿದ್ದರೆ ನಮಗೆ ಮಕ್ಕಳಿಲ್ಲ ಎಂದೇ ಹೇಳುತ್ತಿದ್ದೆ. ಮೇಲೆ ಸಾಮಾನಿನ ಕೋಣೆ ಅಂತ ಒಂದಿತ್ತು, ಅದರಲ್ಲಿ ಒಂದು ಮಂಚ ಬಿಟ್ಟರೆ ಯಾವ ಸಾಮಾನೂ ಇರಲಿಲ್ಲ. ನನ್ನವಳು ಅದನ್ನು ದಿನಾ ಗುಡಿಸಿ, ಯಾರೂ ಮಲಗದ ಹಾಸಿಗೆಯನ್ನು ಕೊಡವಿ ಹಾಸುತ್ತಿದ್ದಳು. ಚಹಾ ಮಾಡಿದರೆ ಮೂರು ಲೋಟಕ್ಕೆ ಬಗ್ಗಿಸುತ್ತಿದ್ದಳು. ಆಮೇಲೆ ಮೂರನೆಯ ಲೋಟವನ್ನು ಒಂದು ಕ್ಷಣ ದಿಟ್ಟಿಸಿ, ತನ್ನನ್ನೇ ಬೈದುಕೊಂಡು, ಪಾತ್ರೆಗೆ ವಾಪಸು ಸುರಿಯುತ್ತಿದ್ದಳು. "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿನಗೆ ಐವತ್ತಕ್ಕೇ ಬಂತಲ್ಲೇ" ಎಂದು ನಾನು ರೇಗಿಸುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ಆ ಹುಡುಗಿ ಬಂದದ್ದು ಒಂದು ಸೋಮವಾರ, ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ. ಇಪ್ಪತ್ತನಾಲ್ಕು ಇಪ್ಪತ್ತೈದು ವಯಸ್ಸಿರಬಹುದು. ಗೋಡೌನಿನ ನೀಲಿ ಅಂಗಿ, ನೀಲಿ ಪ್ಯಾಂಟು, ಉಗುರಿನ ಸಂದಿಯಲ್ಲಿ ರಟ್ಟಿನ ಪೆಟ್ಟಿಗೆಯ ಧೂಳು. ನನ್ನ ಅಂಗಡಿಯ ಹೊಸ್ತಿಲಲ್ಲಿ ಒಂದು ಹಲಗೆ ಎದ್ದುಕೊಂಡಿದೆ. ಹೊಸಬರೆಲ್ಲ ಅದಕ್ಕೆ ಎಡವಿ, ತಪ್ಪು ನನ್ನದು ಎನ್ನುವ ಹಾಗೆ ನನ್ನನ್ನು ನೋಡುತ್ತಾರೆ. ಇವಳು ಕೆಳಗೆ ನೋಡದೆಯೇ ಕಾಲೆತ್ತಿ ದಾಟಿದಳು. ಕುಂಟು ಸ್ಟೂಲನ್ನು ಅರ್ಧ ಸುತ್ತು ತಿರುಗಿಸಿ, ಅದು ಅಲುಗಾಡದ ಹಾಗೆ ಗೋಡೆಗೆ ತಾಗಿಸಿ ಕೂತಳು. ಆ ಉಪಾಯ ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ.

"ಯಜಮಾನ್ರೇ, ಇದನ್ನ ಸ್ವಲ್ಪ ನೋಡ್ಬೇಕಿತ್ತು" ಎಂದು ಎಡಗೈಯಿಂದ ಚಾಕು ಮುಂದಿಟ್ಟಳು.

ಚಿಕ್ಕ ಚಾಕು, ಮೂರು ಇಂಚಿಗೂ ಕಡಿಮೆ ಅಲಗು. ಯಾರೋ ಮೊದಲೇ ತಿದ್ದಿದ್ದರು. ಎಡಗೈಯವರಿಗೆ ಸಿಗುವಂತೆ ಕ್ಲಿಪ್ಪನ್ನು ಇನ್ನೊಂದು ಪಕ್ಕಕ್ಕೆ ಬದಲಾಯಿಸಿದ್ದರು. ಹಿಡಿಯನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡಿ, ಮೂಲೆಗಳನ್ನು ಬಳಸಿದ ಸೋಪಿನ ಹಾಗೆ ಸವೆಸಿದ್ದರು. ಹೆಂಗಸರ ಪ್ಯಾಂಟಿಗೆ ಜೇಬು ಹೊಲಿಯುವವರಿಗೆ ಅದೇನು ರೋಗವೋ, ಎರಡು ಬೆರಳು ಹೋದರೆ ಮೂರನೆಯದು ಹೋಗುವುದಿಲ್ಲ. ಅಂಥ ಜೇಬಿಗೂ ಹಿಡಿಸುವ ಹಾಗೆ ಮಾಡಿದ ಕೆಲಸ. ಒಳ್ಳೆಯ ಕೈ ಎಂದು ಮನಸ್ಸಿನಲ್ಲೇ ಮೆಚ್ಚಿದೆ. ಮೆಚ್ಚಿದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿಲ್ಲ.

"ಏನಾಗಿದೆ ಇದಕ್ಕೆ? ಸರಿಯಾಗೇ ಇದೆಯಲ್ಲ" ಎಂದೆ.

"ಕ್ಲಿಪ್ಪು ಸ್ವಲ್ಪ ಬಿಗಿ."

"ಬಿಗಿ ಏನಿಲ್ಲ."

"ಹಾಗಾದ್ರೆ ಸಡಿಲ" ಎಂದಳು, ನಗದೆ. "ಏನೋ ಒಂದು ಮಾಡಿ. ಮೂರು ದಿನ ಇಟ್ಕೊತೀರಲ್ಲ?"

"ಇಟ್ಕೊತೀನಿ. ಅದನ್ನ ನಿನಗ್ಯಾರು ಹೇಳಿದ್ರಮ್ಮ?"

ಅವಳು ನನ್ನ ಮೇಜನ್ನು, ಗೂಟಕ್ಕೆ ನೇತುಹಾಕಿದ ಕೋಟನ್ನು, ಮೇಲೆ ಹೋಗುವ ಮೆಟ್ಟಿಲನ್ನು ಒಂದೊಂದಾಗಿ ನೋಡಿದಳು. "ಗುರುವಾರ ಮಧ್ಯಾಹ್ನ ಬರ್ತೀನಿ, ಸಂಜೆಗೆ ಮುಂಚೆ. ಜೇಬಲ್ಲೇ ಇಟ್ಕೊಳ್ಳಿ, ಮೇಜಿನ ಮೇಲಿಟ್ರೆ ಆಗಲ್ಲ" ಎಂದು ಹೊಸ್ತಿಲು ದಾಟಿದಳು. ನನ್ನ ಕೆಲಸ ನನಗೇ ಹೇಳಿಕೊಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವಳ ಮೇಲೆ ಮಾತ್ರ ಯಾಕೋ ಸಿಟ್ಟು ಬರಲಿಲ್ಲ.

ಸ್ಕ್ರೂ ಬಿಚ್ಚಿ ಹಿಡಿಯ ಎರಡು ಪಕ್ಕೆ ಬೇರೆ ಮಾಡಿದೆ. ಒಳಮೈಯ ಲೋಹದ ಪಟ್ಟಿಯಲ್ಲಿ ನನ್ನ ಗುರುತಿತ್ತು. ಅರ್ಧಚಂದ್ರ, ಚುಕ್ಕೆ. ಅದರ ಪಕ್ಕದಲ್ಲಿ ಇನ್ನೊಂದು. ಭೂತಗನ್ನಡಿ ಹಚ್ಚಿ ಎಣಿಸಿದರೆ ಏಳು. ನಾನು ಎಡಗೈಯವನು, ನನ್ನ ಅರ್ಧಚಂದ್ರ ಬಲಕ್ಕೆ ಒರಗುತ್ತದೆ, ಬೇರೆಯವರು ಎಷ್ಟು ತಿಣುಕಿದರೂ ಹಾಗೆ ಬರುವುದಿಲ್ಲ. ಈ ಚಾಕುವನ್ನು ನಾನು ಏಳು ಸಲ ಬಿಚ್ಚಿದ್ದೆ, ಮತ್ತು ಜನ್ಮದಲ್ಲಿ ನೋಡಿರಲಿಲ್ಲ.

ಕೆಲಸದ ಪುಸ್ತಕ ತೆಗೆದೆ. ಎರಡು ವರ್ಷದಲ್ಲಿ, ಮೂರು ನಾಲ್ಕು ತಿಂಗಳಿಗೊಮ್ಮೆ, ನನ್ನದೇ ಅಕ್ಷರ. "ಚಿಕ್ಕ ಚಾಕು, ಎಡಗೈ, ಕ್ಲಿಪ್ಪು ಬಿಗಿ." "ಚಿಕ್ಕ ಚಾಕು, ಎಡಗೈ, ಕ್ಲಿಪ್ಪು ಸಡಿಲ." "ಚಿಕ್ಕ ಚಾಕು, ಎಡಗೈ, ಏನೋ ಒಂದು." ಹೀಗೆ ಆರು ಸಲ, ಆರು ಕಡೆಯೂ ಹೆಸರಿನ ಜಾಗ ಖಾಲಿ. ಮತ್ತೆ ಭೂತಗನ್ನಡಿ ಹಿಡಿದೆ. ಏಳನೆಯ ಗುರುತಿನ ಕೆಳಗೆ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ, ಅವಸರದಲ್ಲಿ ಗೀರಿದ್ದು ಒಂದೇ ಪದ.

"ಕೊಡಬೇಡ."

ಅದೂ ನನ್ನದೇ ಕೈ. ಬೇರೆ ಯಾರಾದರೂ ಆಗಿದ್ದರೆ ಆ ಚಾಕುವನ್ನು ಇಕ್ಕಳದಲ್ಲಿ ಹಿಡಿದು ಚರಂಡಿಗೆ ಹಾಕುತ್ತಿದ್ದರೇನೋ. ನಾನು ಹಟಮಾರಿ. ಕೊಡಬೇಡ ಎಂದಿದೆ, ಇಟ್ಟುಕೊಳ್ಳಬೇಡ ಎಂದಿಲ್ಲವಲ್ಲ. ಕ್ಲಿಪ್ಪನ್ನು ಕೂದಲೆಳೆಯಷ್ಟು ಬಗ್ಗಿಸಿ, ಎಂಟನೆಯ ಗುರುತು ಗೀರಿ, ಜೋಡಿಸಿ, ಪ್ಯಾಂಟಿನ ಎಡಜೇಬಿಗೆ ಇಳಿಸಿದೆ. ಅಲ್ಲೇ ಹುಟ್ಟಿ ಬೆಳೆದದ್ದರ ಹಾಗೆ ಕೂತುಕೊಂಡಿತು.

ಅದೇ ಸಂಜೆ ಎದುರಿನ ಚಪ್ಪಲಿ ಹೊಲಿಯುವವನ ಹತ್ತಿರ ಬೀಡಿಗೆ ಬೆಂಕಿ ಕೇಳಿದೆ. ಇಪ್ಪತ್ತು ವರ್ಷದ ಸ್ನೇಹ. ನಮ್ಮಿಬ್ಬರ ಮಧ್ಯೆ ಬೈಗುಳವೇ ನಮಸ್ಕಾರ. ಅವನು ಬೆಂಕಿಪೊಟ್ಟಣ ಕೊಟ್ಟು, ಮರ್ಯಾದೆಯಿಂದ, "ಯಾವ ಕಡೆಯವರು ಸಾರ್?" ಎಂದ. ತಮಾಷೆ ಮಾಡುತ್ತಿದ್ದಾನೆ ಎಂದು ಅವನ ಅಜ್ಜನಿಗೆಲ್ಲ ಸೇರಿಸಿ ಬೈದೆ. ಅವನು ಉಳಿ ಕೆಳಗಿಟ್ಟು ಎದ್ದು ನಿಂತ. ಅವನ ಕಣ್ಣಿನಲ್ಲಿ ತಮಾಷೆ ಇರಲಿಲ್ಲ, ಹೆದರಿಕೆ ಇತ್ತು.

ಮಂಗಳವಾರ ಮಧ್ಯಾಹ್ನ ಊಟಕ್ಕೆ ಮೇಲೆ ಹೋದೆ. ನನ್ನವಳು "ರೀ" ಎಂದು ಬಾಯಿ ತೆರೆದವಳು ಅಲ್ಲೇ ನಿಂತಳು. ನಾಲಿಗೆ ತುದಿಯ ಪದ ಮರೆತವರ ಹಾಗೆ ಹಣೆ ಉಜ್ಜಿಕೊಂಡಳು. ಊಟ ಬಡಿಸಿದಳು, ಆದರೆ ಎದುರಿಗೆ ಕೂರದೆ, ಅಡುಗೆಮನೆಯ ಬಾಗಿಲಲ್ಲೇ ನಿಂತು ಕಾಯ್ದಳು. ಸಾಮಾನಿನ ಕೋಣೆಯ ಬಾಗಿಲು ತೆರೆದಿತ್ತು. ಮಂಚದ ಮೇಲೆ ಒಂದು ನೀಲಿ ಅಂಗಿ ಒಣಗಲು ಹರವಿತ್ತು. ಯಾರದು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಆ ದಿನ ಅಂಗಡಿಯ ಬೆಂಚಿನ ಮೇಲೇ ಮಲಗಿದೆ.

ಬುಧವಾರ ಬೆಳಿಗ್ಗೆ ಮೆಟ್ಟಿಲು ಹತ್ತಿದಾಗ ಅವಳು ಬಾಗಿಲಿಗೆ ಅಡ್ಡ ಕೈ ಇಟ್ಟು ನಿಂತಿದ್ದಳು. "ಅಂಗಡಿ ಕೆಳಗಿದೆ ಯಜಮಾನ್ರೇ, ಇದು ಮನೆ" ಎಂದಳು. "ಕೂತಿರಿ, ನಮ್ಮ ಮಗಳು ಈಗ ಇಳಿದು ಬರ್ತಾಳೆ."

ಇಪ್ಪತ್ತೊಂಬತ್ತು ವರ್ಷ ನನ್ನ ಜೊತೆ ಬಾಳಿದವಳು ನನ್ನನ್ನು ಯಜಮಾನ್ರೇ ಎಂದಳು. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಬೆರಳಿಗೆ ಗೀರುಗಳು ತಗುಲಿದವು. ಮೊಳಕಾಲಿನ ಎತ್ತರದಿಂದ ನನ್ನ ಗಲ್ಲದವರೆಗೆ, ಒಂದರ ಮೇಲೊಂದು, ಚಾಕುವಿನ ತುದಿಯಲ್ಲಿ ಕೊರೆದ ಗೀರು. ಎಲ್ಲವೂ ಬಲಕ್ಕೆ ಒರಗಿದ್ದವು. ಪ್ರತಿ ವರ್ಷ ಒಂದು. ಆ ಚೌಕಟ್ಟಿಗೆ ಬೆನ್ನು ತಾಗಿಸಿ ನಿಂತು, ಹಿಮ್ಮಡಿ ಎತ್ತಿ ಮೋಸ ಮಾಡುತ್ತಿದ್ದ ಒಂದು ಮಗು. "ಕಾಲು ಕೆಳಗಿಡು ಕಳ್ಳಿ" ಎಂದು ನಾನು ಗದರುತ್ತಿದ್ದೆ. ಒಳಗಿನಿಂದ "ಅಮ್ಮಾ, ನನ್ನ ಬಾಚಣಿಗೆ ಎಲ್ಲಿ?" ಎಂದು ಒಂದು ದನಿ ಕೇಳಿತು. ಆ ದನಿಯ ಹಿಂದೆ ಇಪ್ಪತ್ತೈದು ವರ್ಷ ಒಟ್ಟಿಗೇ ನುಗ್ಗಿ ಬಂತು.

ನನಗೊಬ್ಬಳು ಮಗಳಿದ್ದಳು. ಕುಂಟು ಸ್ಟೂಲಿನ ಮೇಲೆ ಕೂತು ಸಾಣೆಯ ಕಿಡಿ ನೋಡುತ್ತಾ ಬೆಳೆದವಳು, ನನ್ನ ಹಾಗೇ ಎಡಚಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನನಗಂತೂ ಅವಳಿಗಿಂತ ದೊಡ್ಡ ಸಂಗತಿ ಇರಲಿಲ್ಲ. ಗೋಡೌನಿನಲ್ಲಿ ಪೆಟ್ಟಿಗೆ ಬಿಚ್ಚುವ ಕೆಲಸ ಸಿಕ್ಕಾಗ ಅವಳ ಜೇಬಿಗೆ, ಅವಳ ಕೈಗೆ ಸರಿಯಾಗಿ ಆ ಚಾಕುವನ್ನು ತಿದ್ದಿದ್ದು ನಾನೇ. ಮೊದಲ ದಿನ ಅವಳಿಗೆ ಹೊತ್ತಾಗಿತ್ತು. ಮೂರು ದಿನ ಯಾರು ಕಾಯುತ್ತಾರೆ, ಮನೆಯ ಮಗಳಿಗೆ ಎಂಥ ಪರೀಕ್ಷೆ ಎಂದು, ಪುಸ್ತಕದಲ್ಲೂ ಬರೆಯದೆ ಬಿಸಿಬಿಸಿಯಾಗಿ ಮೇಜಿನಿಂದಲೇ ತೆಗೆದು ಅವಳ ಜೇಬಿಗೆ ಹಾಕಿದೆ. ಊರವರ ಚಾಕುವನ್ನೆಲ್ಲ ಮೂರು ಮೂರು ದಿನ ಹೊತ್ತವನು, ನನ್ನ ಮಗಳದ್ದನ್ನು ಹೊರಲಿಲ್ಲ. ಅಪ್ಪ ಹೇಳಿದ ಕೊಬ್ಬು ಅವಳ ಮೇಲೆ ಇಳಿಯಿತು. ಅಲಗು ಅವಳ ಕೈ ಕುಯ್ಯಲಿಲ್ಲ. ಅವಳನ್ನು ನಮ್ಮಿಂದ ಕುಯ್ದಿತು.

ಕೆಳಗಿಳಿದು ಅಂಗಡಿಯ ಕದ ಹಾಕಿದೆ. ಇನ್ನು ಒಂದೂವರೆ ದಿನವಿತ್ತು. ಹಿಂದಿನ ಸಲದ ನಾನು ಈ ಸಲದ ನನಗೆ ಹೇಳಿ ಕಳಿಸಿದ್ದು ಅರ್ಥವಾಗಿತ್ತು, ಆದರೆ ಬರೀ ಕೊಡಬೇಡ ಎಂದರೆ ಸಾಲದು, ಕೊಡಲಿಕ್ಕೆ ಆಗದ ಹಾಗೆ ಮಾಡಬೇಕು. ಚಾಕುವಿನ ತೆಳ್ಳನೆಯ ಪಕ್ಕೆಗಳನ್ನು ಕಿತ್ತೆ. ಹಳೆಯ ಕುರ್ಚಿಯ ಕಾಲಿನಿಂದ ಗಟ್ಟಿ ಮರದ ಎರಡು ತುಂಡು ಕೊಯ್ದೆ, ಒಂದೊಂದೂ ಹೆಬ್ಬೆರಳಿನಷ್ಟು ದಪ್ಪ. ತೂತು ಕೊರೆದು, ಉದ್ದ ಸ್ಕ್ರೂ ಹಾಕಿ, ಅರದಿಂದ ಹೊಟ್ಟೆ ಬರಿಸಿ, ನನ್ನ ಅಂಗೈಯ ಅಳತೆಗೆ ಉಜ್ಜಿದೆ. ಕ್ಲಿಪ್ಪನ್ನು ತೆಗೆದೇ ಹಾಕಿದೆ. ಗಳಿಗೆಗೊಮ್ಮೆ ಅದನ್ನು ಜೇಬಿಗೆ ಹಾಕಿಕೊಂಡು ಹತ್ತು ಹೆಜ್ಜೆ ನಡೆದು ನೋಡುತ್ತಿದ್ದೆ, ಅಭ್ಯಾಸ ಬಲ. ಒಳಗಿನ ಲೋಹದಿಂದ ಎಂಟು ಗುರುತು, ಆ ಒಂದು ಪದ, ಎಲ್ಲವನ್ನೂ ಕನ್ನಡಿಯಂತಾಗುವವರೆಗೆ ತಿಕ್ಕಿ ಅಳಿಸಿದೆ. ಗುರುವಾರ ಮಧ್ಯಾಹ್ನಕ್ಕೆ ಅದು ಮುದುಕನ ಚಾಕುವಾಗಿತ್ತು.

ಮೂರು ಗಂಟೆಗೆ ಅವಳು ಮೆಟ್ಟಿಲಿಳಿದು ಬಂದಳು. ಮೂರು ದಿನ ಅಮ್ಮನ ಕೈಯ ಊಟ ಉಂಡ ಮುಖ ತುಂಬಿಕೊಂಡಿತ್ತು.

"ಅಪ್ಪ, ಕೊಡು" ಎಂದಳು.

"ನಿನಗೆ ನನ್ನ ನೆನಪಿದೆಯಾ?"

"ಇವತ್ತು ಸಂಜೆವರೆಗೂ ಇರುತ್ತೆ. ಚಾಕು ಹೊತ್ತು ಅಭ್ಯಾಸ ಆದೋಳಲ್ವಾ, ಎಲ್ಲರಿಗಿಂತ ಕೊನೆಗೆ ನಾನು ಮರೆಯೋದು." ಸ್ಟೂಲು ತಿರುಗಿಸಿ ಕೂತಳು. "ಈ ಮಾತೆಲ್ಲ ಪ್ರತಿ ಸಲ ಆಗಿದೆ. ಪ್ರತಿ ಸಲ ನೀನು ಕೊಡಲ್ಲ ಅಂತೀಯ. ಆಮೇಲೆ ಸಿಟ್ಟು ಬಂದು, ಅದನ್ನ ಕೋಟಲ್ಲಿಟ್ಟು ಸಾಣೆ ಮುಂದೆ ಕೂರ್ತೀಯ. ನಾನು ಕೋಟಿಂದ ತಗೊಂಡು ಹೋಗ್ತೀನಿ."

"ಎಲ್ಲಾದ್ರೂ ಎಸೆಯೋಕಾಗಲ್ವೇನೇ?"

"ಎಸೆದೆ. ಬೀಗ ಹಾಕಿಟ್ಟೆ. ಪ್ರಯೋಜನ ಇಲ್ಲ, ಕೊನೆಗೆ ಯಾರ ಜೇಬಲ್ಲಿತ್ತೋ ಅವರನ್ನೇ ಹಿಡ್ಕೊಂಡಿರುತ್ತೆ. ಇನ್ನೊಬ್ಬರ ಜೇಬಿಗೆ ಹಾಕಿದ್ರೆ ಬಿಡುತ್ತೆ. ಯಾರ ಜೇಬಿಗೆ ಹಾಕ್ಲಿ? ಅವ್ರಿಗೂ ಅಮ್ಮ ಇರ್ತಾಳೆ." ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. "ನಿನ್ನ ಕಟ್ಟಳೆ ಗೊತ್ತಿತ್ತಲ್ಲ. ಮೂರು ದಿನ ನೀನು ಹೊತ್ಕೋತೀಯ ಅಂತ. ಆ ಮೂರು ದಿನ ಮನೇಲಿ ಮಲಗಿ ಎದ್ದು ಹೋಗೋಣ ಅಂತ ಬರ್ತೀನಿ ಅಷ್ಟೇ. ಕೊಡು ಅಪ್ಪ. ಅಮ್ಮ ಒಬ್ಬಳೇ ಆಗ್ತಾಳೆ."

"ನೀನಿರ್ತೀಯಲ್ಲ."

"ನಿನ್ನ ಗತಿ?"

"ನನ್ನ ಬಾಯಿಗೆ ಊರಲ್ಲಿ ನಾಲ್ಕು ಜನ ಸ್ನೇಹಿತರಿಲ್ಲ. ಮರೆಯೋಕೂ ಯಾರಿಗೂ ಹೆಚ್ಚು ಕೆಲಸ ಇಲ್ಲ. ನಿನ್ನನ್ನ ಇನ್ನೂ ಎಷ್ಟೋ ಜನ ನೋಡಿ ಗುರುತು ಹಿಡೀಬೇಕು."

ಅವಳು ಎದ್ದು ನನ್ನ ಜೇಬಿಗೇ ಕೈ ಹಾಕಿದಳು. ನಾನು ತಡೆಯಲಿಲ್ಲ. ಈಚೆ ತೆಗೆದು, ಕಡುಬಿನ ಹಾಗೆ ಊದಿದ್ದ ಹಿಡಿಯನ್ನು ನೋಡಿ ಅವಳಿಗೆ ಅರ್ಥವಾಯಿತು. ಎಡಜೇಬಿಗೆ ತುರುಕಿದಳು, ತುದಿ ಮಾತ್ರ ಹೋಯಿತು. ಬಲಜೇಬಿಗೆ ತುರುಕಿದಳು. ಅಂಗಿಯ ಜೇಬು ಹುಡುಕಿದಳು, ಅದು ಬರೀ ಮೇಲಿಂದ ಹೊಲಿದ ಪಟ್ಟಿ, ಜೇಬೇ ಅಲ್ಲ. ಜನ್ಮದಲ್ಲಿ ಮೊದಲ ಸಲ ಆ ದರ್ಜಿಗಳಿಗೆ ಮನಸ್ಸಿನಲ್ಲೇ ಕೈಮುಗಿದೆ. "ಅಪ್ಪ, ಇದೇನು ಮಾಡಿದೆ" ಎಂದಳು. ಮತ್ತೆ ಎಡಜೇಬು. ಹೊಲಿಗೆ ಪಟಪಟ ಎಂದಿತು, ಬಿಡಲಿಲ್ಲ.

"ಸಾಣೆಗೆ ನೀರು ಕಡಿಮೆ ಮಾಡಬೇಡ" ಎಂದು ನಾನು ಮಾತು ತೆಗೆದೆ. ಹೊತ್ತು ಕಳೆಯಬೇಕಿತ್ತು. "ಸಣ್ಣ ಸ್ಕ್ರೂಗಳು ಎರಡನೇ ಖಾನೆಲಿವೆ. ಅಲಗು ತಾನಾಗಿ ತೆರೆದ್ರೆ ಸ್ಕ್ರೂ ಬಿಗಿ ಮಾಡೋಕೆ ಹೋಗಬೇಡ, ಒಳಗಿನ ಪಟ್ಟಿ ಬಗ್ಗಿಸು. ಗುರುತು ಮರೀಬೇಡ."

"ಹೂಂ ಅಪ್ಪ" ಎಂದಳು. ಅಳುತ್ತಿದ್ದಳು.

"ಯಾರದ್ದೇ ಆಗಲಿ, ಮೂರು ದಿನ ಹೊರದೆ ಕೊಡಬೇಡ. ಮನೆಯವರದ್ದಾದ್ರೂ."

"ಹೂಂ" ಎಂದಳು. ಅಪ್ಪ ಎನ್ನಲಿಲ್ಲ.

ನಾನು ಕೈಗೆ ಬಂದ ಉಪಕರಣಗಳ ಹೆಸರು ಹೇಳುತ್ತಾ ಹೋದೆ. ಬಿಸಿಲು ಹೊಸ್ತಿಲಿನ ಎದ್ದ ಹಲಗೆಯಿಂದ ಆಚೆಗೆ ಸರಿಯಿತು. ಅವಳು ತುರುಕುವುದನ್ನು ನಿಲ್ಲಿಸಿ, ಕೈಯಲ್ಲಿದ್ದ ಚಾಕುವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕೆನ್ನೆ ಮುಟ್ಟಿಕೊಂಡು, ಬೆರಳಿನ ಒದ್ದೆಯನ್ನು ಆಶ್ಚರ್ಯದಿಂದ ನೋಡಿದಳು. ಆಮೇಲೆ ಮೇಜನ್ನು ಬಳಸಿಕೊಂಡು ನನ್ನ ಜಾಗಕ್ಕೆ ಹೋಗಿ ನಿಂತಳು.

"ಯಜಮಾನ್ರೇ, ಇದು ನಿಮ್ದಾ?" ಎಂದು ಚಾಕು ಮುಂದೆ ಹಿಡಿದಳು. "ಏನಾಗ್ಬೇಕಿತ್ತು ಇದಕ್ಕೆ?"

"ಏನಿಲ್ಲಮ್ಮ, ಸರಿಯಾಗೇ ಇದೆ" ಎಂದು ಜೇಬಿಗೆ ಹಾಕಿಕೊಂಡೆ. ಹೊಸ್ತಿಲು ದಾಟುವಾಗ, ಮೂವತ್ತು ವರ್ಷದಲ್ಲಿ ಮೊದಲ ಸಲ, ಆ ಹಲಗೆಗೆ ಎಡವಿದೆ.

ಈಗ ನಾಲ್ಕು ಬೀದಿ ಆಚೆ ಒಂದು ಬೀಗದ ಅಂಗಡಿಯಲ್ಲಿದ್ದೇನೆ. ಅಲ್ಲಿಯ ಯಜಮಾನನಿಗೆ ಪ್ರತಿ ಬೆಳಿಗ್ಗೆ ನನ್ನ ಪರಿಚಯ ನಾನೇ ಹೇಳಿಕೊಳ್ಳಬೇಕು, ಆದರೂ ಕೈಕೆಲಸ ನೋಡಿ ಒಂದು ಮೂಲೆ ಕೊಡುತ್ತಾನೆ. ಮೂರು ತಿಂಗಳಿಗೊಮ್ಮೆ ತಡೆಯಲಾಗುವುದಿಲ್ಲ. ಸ್ಕ್ರೂವನ್ನು ನಾನೇ ಒಂದು ಸುತ್ತು ಸಡಿಲ ಮಾಡಿಕೊಂಡು ಆ ಅಂಗಡಿಗೆ ಹೋಗುತ್ತೇನೆ.

ಮೊನ್ನೆಯೂ ಹೋಗಿದ್ದೆ. ಅವಳು ಬಿಚ್ಚಿ, ಒಳಮೈಯನ್ನು ಒರೆಸಿ ನೋಡಿ, "ಯಾರು ತಿದ್ದಿದ್ದು ಇದನ್ನ? ಇಷ್ಟು ದಪ್ಪ ಯಾಕೆ ಮಾಡಿದ್ರೋ, ದುಡ್ಡು ದಂಡ" ಎಂದಳು. ನನ್ನ ಬಾಯೇ ಅವಳಿಗೂ ಬಂದಿದೆ. ಮೇಲಿಂದ ನನ್ನವಳು ಚಹಾ ತಂದು, ಗಿರಾಕಿಗೂ ಇರಲಿ ಎಂದು ಒಂದು ಲೋಟ ನನ್ನ ಮುಂದಿಟ್ಟಳು. ತರುವಾಗಲೇ ಕೈಯಲ್ಲಿ ಮೂರು ಲೋಟಗಳಿದ್ದವು. ಸಕ್ಕರೆ ಹಾಕಿದ್ದಳು, ನಾನು ಸಕ್ಕರೆ ಕುಡಿಯುವವನಲ್ಲ. ಎಲ್ಲವನ್ನೂ ಕುಡಿದೆ.

ಮಗಳು ಸೂಜಿ ತೆಗೆದು ಒಳಗೆ ಗುರುತು ಗೀರಿದಳು. ಅರ್ಧಚಂದ್ರ, ಚುಕ್ಕೆ, ಬಲಕ್ಕೆ ಒರಗಿದ್ದು. ಮೊದಲು ಗೀರಿದ್ದರ ಪಕ್ಕದಲ್ಲೇ ಗೀರಿದಳು, ಮೂರನೆಯದು. ಅದನ್ನು ನೋಡಿ ಒಂದು ಗಳಿಗೆ ಹುಬ್ಬು ಗಂಟಿಕ್ಕಿ ಕೂತಳು. ಆಮೇಲೆ ಜೋಡಿಸಿ, ತನ್ನ ಅಂಗಡಿಯ ಕೋಟಿನ ದೊಡ್ಡ ಜೇಬಿನ ಕಡೆ ಕೈ ಚಾಚಿದಳು.

"ಬಿಟ್ಟು ಹೋಗಿ ಯಜಮಾನ್ರೇ. ಮೂರು ದಿನ ನಮ್ಮ ಜೇಬಲ್ಲಿಟ್ಟು ನೋಡಿ ಕೊಡೋದು ನಮ್ಮ ಪದ್ಧತಿ."

"ಬೇಡಮ್ಮ" ಎಂದು ಅವಳ ಕೈಯಿಂದ ತೆಗೆದುಕೊಂಡೆ. "ಇದನ್ನ ನಾನೇ ಹೊತ್ಕೋತೀನಿ."